ಕೊನೆಯ ಹತ್ತು ನಿಮಿಷ

ಫೆಬ್ರವರಿ ೧೧

ನನ್ನ ಅರ್ಧ ಟಿಕೆಟ್ಟಿಗೆ,

ನಿನ್ನ ಅಪ್ಪ ಗುಂಡುಕಲ್ಲಿನ ಹಾಗಿದ್ದಾನೆ, ಚಿಂತೆ ಬೇಡ. ನೀನು ಮೊನ್ನೆ ಫೋನ್ ಮಾಡಿದಾಗ ಕೆಳಮನೆ ಟೀಚರಮ್ಮ ಓಡಿಬಂದು ಫೋನು ಕೈಗೆ ಕೊಟ್ಟರು. ಕೊಟ್ಟರೇನು ಬಂತು? ನೀನು ಆ ಕಡೆಯಿಂದ ಮಾತಾಡಿದ್ದೆಲ್ಲ ನನಗೆ ಜೇನುಗೂಡಿನ ಸದ್ದಿನ ಹಾಗೆ ಕೇಳಿಸಿತು. ಸುಮ್ಮನೆ 'ಹೂಂ ಹೂಂ' ಅಂದೆ. ಯಾವುದಕ್ಕೆ ಹೂಂ ಅಂದೆನೋ ಏನೋ. ಇಡೀ ಆಯುಷ್ಯ ಇಂಜಿನ್ ಪಕ್ಕ ಕೂತವನ ಕಿವಿ ಇನ್ನೇನಾಗುತ್ತದೆ? ಇನ್ನು ಮೇಲೆ ಫೋನು ಬೇಡ, ಕಾಗದ ಬರೆ. ಕಾಗದವಾದರೆ ಕನ್ನಡಕ ಹಾಕಿಕೊಂಡು ಎರಡು ಸಲ ಓದಬಹುದು. ಅದರ ಗಾಜು ಹೇಗೂ ನೀನೇ ಉಜ್ಜಿ ಕೂರಿಸಿಕೊಟ್ಟದ್ದು, ಬೇಡವೆಂದರೂ ನಿನ್ನ ನೆನಪು ಬರುತ್ತದೆ.

ನಿನ್ನೆ ನಮ್ಮ ಬಸ್ಸಿನ ಕಂಡಕ್ಟರನ ಜೊತೆ ಮಧ್ಯಾಹ್ನದ ಆಟಕ್ಕೆ ಹೋಗಿದ್ದೆ. ರಿಟೈರಾಗಿ ಇಷ್ಟು ದಿನವಾದರೂ ಅವನಿಗೆ ನಾನು ಬೇಕು, ನನಗೆ ಅವನು ಬೇಕು. ಸಿನಿಮಾದ ಹೀರೋ ಬಸ್ ಡ್ರೈವರು ಅಂತ ಗೋಡೆಯ ಮೇಲಿನ ಚಿತ್ರ ನೋಡಿ ಆಸೆಯಿಂದ ಹೋದೆ. ಥೂ ಅವನ! ನೆಟ್ಟಗಿರುವ ರಸ್ತೆಯಲ್ಲಿ ಸ್ಟೀರಿಂಗನ್ನು ತೊಟ್ಟಿಲು ತೂಗಿದ ಹಾಗೆ ಆ ಕಡೆ ಈ ಕಡೆ ಆಡಿಸುತ್ತಾನೆ. ಹಿಂದಕ್ಕೆ ತಿರುಗಿ ಹುಡುಗಿಯ ಮುಖ ನೋಡುತ್ತಾ ಒಂದು ಹಾಡು ಪೂರ್ತಿ ಹೇಳುತ್ತಾನೆ. ಇಡೀ ಸಿನಿಮಾದಲ್ಲಿ ಅವನು ಗೇರು ಮುಟ್ಟಿದ್ದನ್ನು ನಾನು ನೋಡಲಿಲ್ಲ. ಇಳಿಜಾರಿನಲ್ಲಿ ಬ್ರೇಕು ಫೇಲಾಯಿತಂತೆ, ಅಷ್ಟಕ್ಕೇ ಕಿಟಕಿಯಿಂದ ಹಾರಿ ಚಕ್ರಕ್ಕೆ ಕಲ್ಲು ಕೊಡಲು ಓಡುತ್ತಾನೆ. ನಾನು ಮನಸ್ಸಿನಲ್ಲೇ 'ಲೋ ದಡ್ಡ, ಗೇರ್ ಇಳಿಸೋ' ಅಂದುಕೊಂಡೆ. ಮನಸ್ಸಿನಲ್ಲಲ್ಲ, ಜೋರಾಗಿಯೇ ಕೂಗಿದೆ, ಮುಂದಿನ ಸಾಲಿನವರೆಲ್ಲ ತಿರುಗಿ ನೋಡಿದರು ಅಂತ ಕಂಡಕ್ಟರನ ದೂರು.

ಕೊನೆ ಏನಾಯಿತು ಅಂತ ಮಾತ್ರ ಕೇಳಬೇಡ. ಹತ್ತು ನಿಮಿಷ ಇರುವಾಗ ಕಾಲು ತಾನಾಗಿಯೇ ಎದ್ದುಬಿಟ್ಟಿತು. ಸರ್ವಿಸಿನಲ್ಲಿದ್ದಾಗ ಸಂಜೆಯಾಟ ಬಿಡುವ ಮೊದಲೇ ಹೋಗಿ ಮನೆಗೆ ಹೋಗುವ ಜನರಿಗಾಗಿ ಬಸ್ಸು ಸ್ಟಾರ್ಟ್ ಮಾಡಬೇಕಿತ್ತಲ್ಲ, ಆ ಅಭ್ಯಾಸ ಇನ್ನೂ ಬಿಟ್ಟಿಲ್ಲ. 'ಇನ್ಯಾವ ಬಸ್ಸಯ್ಯಾ ನಿಂದು? ಕೂತ್ಕೊಳ್ಳಯ್ಯಾ' ಅಂತ ಕಂಡಕ್ಟರ್ ಅಂಗಿ ಹಿಡಿದು ಎಳೆದ. ಬಿಡಿಸಿಕೊಂಡು ಹೊರಗೆ ಬಂದೆ. ಬಂದು ನಿಂತ ಮೇಲೆ ಏನು ಮಾಡಬೇಕು ಅಂತ ತೋಚಲಿಲ್ಲ. ಹೊರಗೆ ಬಿಸಿಲಿತ್ತು, ಯಾವ ಬಸ್ಸೂ ಇರಲಿಲ್ಲ. ಸೈಕಲ್ ಸ್ಟ್ಯಾಂಡಿನವನ ಜೊತೆ ಸ್ವಲ್ಪ ಹೊತ್ತು ನಿಂತಿದ್ದೆ.

ಅಳಿಯಂದಿರನ್ನು ಕೇಳಿದೆ ಅಂತ ಹೇಳು. ಲಿಫ್ಟ್ ರಿಪೇರಿಯ ಆ ಸಾಮಾನಿನ ಚೀಲವನ್ನು ಒಂದೇ ಭುಜಕ್ಕೆ ಹಾಕಿ ಹಾಕಿ ಎಡಗಡೆ ತಗ್ಗಿಹೋಗಿದೆ ಅಂತ ಮದುವೆಯ ದಿನವೇ ನೋಡಿದ್ದೆ. ಬಸ್ಸಿನಲ್ಲಿ ಜನ ಒಂದೇ ಕಡೆ ಕೂತರೆ ಸ್ಪ್ರಿಂಗು ಕೂತುಹೋಗುತ್ತದೆ, ಮನುಷ್ಯನೂ ಅಷ್ಟೇ. ಭುಜ ಬದಲಾಯಿಸಲು ಹೇಳು.

ಇಂತಿ,
ನಿನ್ನ ಅಪ್ಪ


ಮಾರ್ಚ್ ೨

ಅಪ್ಪ,

ನಿನ್ನ ಕಾಗದವನ್ನು ಕನ್ನಡಕದ ಅಂಗಡಿಯ ಹಿಂದಿನ ಕೋಣೆಯಲ್ಲಿ, ಗಾಜು ಉಜ್ಜುವ ಚಕ್ರದ ಪಕ್ಕ ಕೂತು ಓದಿದೆ. 'ಗೇರ್ ಇಳಿಸೋ' ಅನ್ನುವಲ್ಲಿ ಜೋರಾಗಿ ನಕ್ಕುಬಿಟ್ಟೆ. ಕೌಂಟರಿನಲ್ಲಿ ಕೂರುವ ಹುಡುಗಿ ಪರದೆ ಸರಿಸಿ ಇಣುಕಿ, 'ಏನಕ್ಕಾ, ಒಬ್ಬೊಬ್ಬಳೇ ನಗ್ತಿದ್ದೀಯಾ?' ಅಂದಳು. ಅವಳು ನನ್ನ ನಗು ಕೇಳಿ ಬಹಳ ದಿನವಾಗಿತ್ತಂತೆ.

ಇವರು ಚೆನ್ನಾಗಿದ್ದಾರೆ. ಕೆಲಸದ ಮೇಲೆ ದೂರದ ಊರಿಗೆ ಹೋಗಿದ್ದಾರೆ. ದೊಡ್ಡ ಕಟ್ಟಡವಂತೆ, ತುಂಬ ಲಿಫ್ಟುಗಳಂತೆ, ಬರುವುದು ತಡವಾಗಬಹುದು.

ಅಪ್ಪ, ನಿನ್ನ ಮೇಲೆ ನನ್ನದೊಂದು ಜಗಳವಿದೆ. ಮೊನ್ನೆ ಮಧ್ಯಾಹ್ನ ಊಟದ ಹೊತ್ತಿಗೆ ಎಲ್ಲರೂ ಹಳೆ ಸಿನಿಮಾಗಳ ಮಾತಾಡುತ್ತಿದ್ದರು. ನಾನು ಚಿಕ್ಕವಳಿದ್ದಾಗ ನೀನು ನೋಡಿಬಂದು ಕತೆ ಹೇಳಿದ ದೋಣಿಯವನ ಸಿನಿಮಾ ನೆನಪಿದೆಯಾ? ಗಂಡ ಬಿರುಗಾಳಿಯಲ್ಲಿ ಕಡಲಿಗೆ ಹೋಗುತ್ತಾನೆ, ಹೆಂಡತಿ ದಡದಲ್ಲಿ ಕಂದೀಲು ಹಿಡಿದು ನಿಂತಿರುತ್ತಾಳೆ. ನಾನು ದೊಡ್ಡದಾಗಿ, 'ಕೊನೇಲಿ ಅವನು ನೆಂದುಕೊಂಡು ಬಂದು ಬಾಗಿಲು ತಟ್ಟಿ, ಊಟ ಆಯ್ತಾ ಅಂತ ಕೇಳ್ತಾನಲ್ಲ, ಆ ಸೀನು ಎಷ್ಟು ಚೆನ್ನಾಗಿದೆ' ಅಂದೆ. ಎಲ್ಲರೂ ನನ್ನ ಮುಖವನ್ನೇ ನೋಡಿದರು. 'ಯಾವ ಸೀನು? ಅವನು ಮುಳುಗಿ ಹೋಗ್ತಾನಲ್ಲ' ಅಂದಳು ಕೌಂಟರಿನವಳು. ನಾನು ಬಿಡಲಿಲ್ಲ, ವಾದಕ್ಕೆ ನಿಂತೆ. ಅವಳು ಮೊಬೈಲಿನಲ್ಲಿ ಆ ಕೊನೆಯನ್ನೇ ಹುಡುಕಿ ತೋರಿಸಿದಳು. ಕಂದೀಲು ಆರುತ್ತದೆ, ದೋಣಿಯ ಹುಟ್ಟು ಮಾತ್ರ ದಡಕ್ಕೆ ಬರುತ್ತದೆ, ಮುಗಿಯಿತು.

ಆಮೇಲೆ ಒಂದೊಂದಾಗಿ ಕೇಳಿದೆ. ಸೈನಿಕನ ಸಿನಿಮಾ? ಅವನೂ ಬರಲಿಲ್ಲ. ಮನೆ ಬಿಟ್ಟು ಹೋದ ಅಣ್ಣ? ಅವನೂ ಇಲ್ಲ. ನೀನು ಹೇಳಿದ ಕತೆಯಲ್ಲಿ ಎಲ್ಲರೂ ಬಂದು ಬಾಗಿಲು ತಟ್ಟಿ, 'ಊಟ ಆಯ್ತಾ?' ಅಂತ ಕೇಳುತ್ತಿದ್ದರು. ಯಾವ ಸಿನಿಮಾದಲ್ಲೂ ಯಾರೂ ಬಂದಿಲ್ಲವಂತೆ ಅಪ್ಪ! ನಗಬೇಕೋ ಅಳಬೇಕೋ ಗೊತ್ತಾಗಲಿಲ್ಲ. ನಗೆಪಾಟಲಿಗೆ ಈಡಾದದ್ದಂತೂ ನಿಜ. ಈಗ ಅಂಗಡಿಯಲ್ಲಿ ನಾನು ನೀರು ಕುಡಿಯಲು ಎದ್ದರೂ 'ಊಟ ಆಯ್ತಾ?' ಅನ್ನುತ್ತಾರೆ.

ನಿನ್ನ,
ಅರ್ಧ ಟಿಕೆಟ್ಟು


ಮಾರ್ಚ್ ೨, ಸಂಜೆ
(ಈ ಹಾಳೆಯನ್ನು ಅಂಚೆಗೆ ಹಾಕಲಿಲ್ಲ)

ಅಪ್ಪ,

ಇವರು ಕೆಲಸದ ಮೇಲೆ ಹೋಗಿಲ್ಲ. ಹೋಗಿದ್ದಾರೆ, ಅಷ್ಟೇ.

ಚಳಿಗಾಲದಲ್ಲೇ ಹೋದರು. ಜಗಳವಾಗಲಿಲ್ಲ. ಆಗಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಆಡುತ್ತಿದ್ದೆ. ಪೆಟ್ಟಿಗೆಗೆ ಬಟ್ಟೆ ತುಂಬಿಕೊಳ್ಳುತ್ತಾ, 'ನಿನ್ನ ಮೇಲೆ ಕೋಪ ಏನಿಲ್ಲ, ನನಗೇ ಇಲ್ಲಿ ಇರೋಕೆ ಮನಸ್ಸಿಲ್ಲ' ಅಂದರು. ಮನಸ್ಸಿಲ್ಲ ಅಂದವರಿಗೆ ಏನು ಹೇಳುವುದು? ಇಸ್ತ್ರಿ ಮಾಡಿದ ಶರ್ಟುಗಳನ್ನು ನಾನೇ ಮಡಚಿ ಕೊಟ್ಟೆ. ಒಂದು ನೀಲಿ ಶರ್ಟು ಮೊಳೆಯ ಮೇಲೇ ಉಳಿದುಹೋಯಿತು. ಮರೆತದ್ದೋ, ಬಿಟ್ಟದ್ದೋ? ದಿನಾ ಅದನ್ನು ನೋಡಿ, ಮರೆತದ್ದು ಅಂದುಕೊಳ್ಳುತ್ತೇನೆ. ಮರೆತದ್ದಾದರೆ ತೆಗೆದುಕೊಂಡು ಹೋಗಲಾದರೂ ಬರಬೇಕಲ್ಲ.

ಊಟಕ್ಕೆ ಎರಡು ತಟ್ಟೆ ಇಡುತ್ತೇನೆ. ಊಟವಾದ ಮೇಲೆ ಎರಡನ್ನೂ ತೊಳೆಯುತ್ತೇನೆ. ಒಬ್ಬಳೇ ಇರುವ ಮನೆಯಲ್ಲಿ ನಲ್ಲಿಯ ಸದ್ದೂ ಎಷ್ಟು ದೊಡ್ಡದು ಗೊತ್ತಾ ಅಪ್ಪ? ನಿನಗೂ ಗೊತ್ತಿರಬೇಕು. ಇಲ್ಲ, ನಿನಗೆ ಕೇಳಿಸುವುದಿಲ್ಲ.

ನಿನಗೆ ಹೇಳಿಬಿಟ್ಟರೆ ಇದು ನಿಜವಾಗಿಬಿಡುತ್ತದೆ. ಅದಕ್ಕೇ ಹೇಳಿಲ್ಲ. ಹೋದವರೆಲ್ಲ ಬಂದೇ ಬರುತ್ತಾರೆ ಅಂತ ನಂಬಿಸಿ ಬೆಳೆಸಿದೆಯಲ್ಲ, ಈಗ ದೋಣಿಯವನು ಮುಳುಗಿಹೋದ ಅನ್ನುತ್ತಿದ್ದಾರೆ. ನಾನು ಯಾರನ್ನು ಕೇಳಲಿ?


ಮಾರ್ಚ್ ೨೦

ನನ್ನ ಅರ್ಧ ಟಿಕೆಟ್ಟಿಗೆ,

ಅಯ್ಯೋ, ಸಿಕ್ಕಿಬಿದ್ದೆನಲ್ಲ! ಇಷ್ಟು ವರ್ಷ ದಕ್ಕಿಸಿಕೊಂಡಿದ್ದೆ. ಆ ಕೌಂಟರಿನ ಹುಡುಗಿಗೆ ನನ್ನ ಪರವಾಗಿ ಒಂದು ಮೊಟಕು.

ಏನು ಮಾಡಲಿ ಮಗಳೇ? ಕೊನೆ ನೋಡುವ ಯೋಗ ನನಗಿರಲಿಲ್ಲ. ಮನೆಗೆ ಬಂದರೆ ನೀನು ಹಾಸಿಗೆಯಲ್ಲಿ ಕಣ್ಣು ಬಿಟ್ಟುಕೊಂಡು ಕಾಯುತ್ತಿದ್ದೆ. 'ಆಮೇಲೆ? ಆಮೇಲೆ?' ಅಂತ ಪ್ರಾಣ ತಿನ್ನುತ್ತಿದ್ದೆ. ಗೊತ್ತಿಲ್ಲ ಅಂದರೆ ಅಳುತ್ತಿದ್ದೆ. ಸರಿ, ಹೋದವನನ್ನು ಕರೆದುಕೊಂಡು ಬಂದು ಬಾಗಿಲು ತಟ್ಟಿಸಿದೆ. ನಾನೂ ಆಗಷ್ಟೇ ಬಾಗಿಲು ತಟ್ಟಿ ಬಂದಿರುತ್ತಿದ್ದೆ, ನಿಮ್ಮಮ್ಮನನ್ನು 'ಊಟ ಆಯ್ತಾ?' ಅಂತಲೇ ಕೇಳಿರುತ್ತಿದ್ದೆ. ಬೇರೆ ಮಾತು ಹುಡುಕುವಷ್ಟು ತಲೆ ಎಲ್ಲಿತ್ತು? ನಿಮ್ಮಮ್ಮ ಆ ಸಿನಿಮಾಗಳನ್ನೆಲ್ಲ ಪಕ್ಕದ ಮನೆಯವರ ಜೊತೆ ಮೊದಲೇ ನೋಡಿರುತ್ತಿದ್ದಳು. ಆದರೂ ಬಾಯಿ ಬಿಡುತ್ತಿರಲಿಲ್ಲ. ಬಟ್ಟೆ ಮಡಚುತ್ತಾ ತಲೆ ತಗ್ಗಿಸಿ ನಗುತ್ತಿದ್ದಳು. ಅವಳು ಹೋದ ಮೇಲೆ ನನ್ನ ಸುಳ್ಳಿಗೆ ಸಾಕ್ಷಿಯೇ ಇಲ್ಲ.

ಈಗ ನನಗೂ ಟಿವಿಯ ಚಟ ಹತ್ತಿದೆ, ಟೀಚರಮ್ಮನ ದಯೆ. ಅವರಿಗೆ ಯಾವ ಚಾನೆಲ್ಲಿನಲ್ಲಿ ಯಾರ ಮನೆ ಮುರಿಯುತ್ತಿದೆ ಅಂತ ಬಾಯಿಪಾಠ. ನನಗೆ ಮಾತು ಕೇಳಿಸುವುದಿಲ್ಲ ಅಂತ ಮುಖ್ಯವಾದದ್ದನ್ನು ಕಿವಿಯ ಹತ್ತಿರ ಬಂದು ಕೂಗುತ್ತಾರೆ. 'ವಿಷ ಹಾಕಿದ್ದಾಳೆ!' ಅಂತ ಮೊನ್ನೆ ಕೂಗಿದ್ದಕ್ಕೆ ಕೆಳಗಿನ ಸೈಕಲ್ ಅಂಗಡಿಯವನು ಗಾಬರಿಯಾಗಿ ಮೆಟ್ಟಿಲು ಹತ್ತಿ ಬಂದ. ನನ್ನ ಅಭಿಪ್ರಾಯ ಕೇಳಿದರೆ, ಧಾರಾವಾಹಿಯವರಿಗೆ ಟೈಮ್ ಟೇಬಲ್ಲು ಅಂದರೇನು ಅಂತ ಗೊತ್ತಿಲ್ಲ. ಅತ್ತೆ ಬಾಗಿಲು ತೆಗೆದು ಒಳಗೆ ಬರುವುದನ್ನು ಮೂರು ಸಲ ತೋರಿಸುತ್ತಾರೆ. ಮೂರು ಸಲವೂ ಅದೇ ಅತ್ತೆ, ಅದೇ ಬಾಗಿಲು. ಅಷ್ಟರಲ್ಲಿ ನಾನು ಎರಡು ಸ್ಟಾಪ್ ದಾಟುತ್ತಿದ್ದೆ.

ಒಂದು ಲಾಭವಿದೆ. ಧಾರಾವಾಹಿಗೆ ಕೊನೆಯೇ ಇಲ್ಲ, ಆದ್ದರಿಂದ ನಾನು ಮಧ್ಯದಲ್ಲಿ ಎದ್ದುಹೋಗುವ ಪ್ರಶ್ನೆಯೇ ಇಲ್ಲ. ನೀನು ಏನು ನೋಡುತ್ತಿದ್ದೀಯ, ಬರೆ. ಅಳಿಯಂದಿರು ಬಂದರಾ?

ಇಂತಿ,
ನಿನ್ನ ಅಪ್ಪ


ಏಪ್ರಿಲ್ ೧೭

ಅಪ್ಪ,

ಇವರು ಇನ್ನೂ ಬಂದಿಲ್ಲ. ಕೆಲಸ ಬೆಳೆಯುತ್ತಲೇ ಇದೆಯಂತೆ.

ನಾನೂ ಒಂದು ಧಾರಾವಾಹಿ ನೋಡುತ್ತಿದ್ದೇನೆ. ನಿನಗೆ ಹಿಡಿಸುತ್ತದೋ ಇಲ್ಲವೋ. ಅತ್ತೆಯಿಲ್ಲ, ವಿಷವಿಲ್ಲ, ಬಾಗಿಲನ್ನು ಮೂರು ಸಲ ತೋರಿಸುವುದೂ ಇಲ್ಲ. ಒಬ್ಬಳು ಟೈಲರ್ ಹುಡುಗಿ, ಅಂಗಡಿಯೊಂದರಲ್ಲಿ ಹೊಲಿಯುತ್ತಾಳೆ. ಗಂಡ ಒಂದು ದಿನ ಪೆಟ್ಟಿಗೆ ಕಟ್ಟಿಕೊಂಡು ಹೋಗುತ್ತಾನೆ. ಯಾಕೆ ಅಂತ ಸರಿಯಾಗಿ ಹೇಳುವುದಿಲ್ಲ. ಅವನು ಕೆಟ್ಟವನೂ ಅಲ್ಲ, ಹೊಡೆಯುವವನಲ್ಲ, ಕುಡಿಯುವವನಲ್ಲ. ಅವಳು ಕೆಲಸಕ್ಕೆ ಹೋಗುತ್ತಾಳೆ, ಬರುತ್ತಾಳೆ, ಎರಡು ತಟ್ಟೆ ಇಡುತ್ತಾಳೆ. ಮೆಟ್ಟಿಲ ಮೇಲೆ ಯಾರದ್ದಾದರೂ ಹೆಜ್ಜೆ ಕೇಳಿಸಿದರೆ ಸೌಟು ಹಿಡಿದ ಕೈ ನಿಂತುಬಿಡುತ್ತದೆ. ಹೆಜ್ಜೆ ಮೇಲಿನ ಮನೆಗೆ ಹೋಗುತ್ತದೆ. ಅವಳು ಮತ್ತೆ ಸೌಟು ತಿರುಗಿಸುತ್ತಾಳೆ. ದಿನಾ ಇಷ್ಟೇ.

ಪಾತ್ರ ಮಾಡುವವಳು ಏನೂ ಸುಂದರಿಯಲ್ಲ. ಅಳುವುದೂ ಇಲ್ಲ. ಅಳಲಿ ಅಂತ ಕಾದು ಕಾದು ನನಗೇ ಸಾಕಾಗಿದೆ.

ಅವಳು ಯಾರಿಗೂ ಹೇಳಿಲ್ಲ, ತವರಿಗೂ. ಅದು ನನಗೆ ಸರಿ ಅನಿಸಿತು. ನಿನಗೆ ಏನನ್ನಿಸುತ್ತದೆ? ಕೊನೆಯನ್ನು ಕಟ್ಟುವುದರಲ್ಲಿ ನೀನು ಪಳಗಿದ ಕೈ. ಅವನು ಬರುತ್ತಾನಾ ಅಪ್ಪ? ತಮಾಷೆ ಮಾಡದೆ ಹೇಳು.

ನಿನ್ನ,
ಅರ್ಧ ಟಿಕೆಟ್ಟು


ಮೇ ೫

ನನ್ನ ಅರ್ಧ ಟಿಕೆಟ್ಟಿಗೆ,

ಇದಕ್ಕೇನು ದೊಡ್ಡ ತಲೆ ಬೇಕಾ? ಬರುತ್ತಾನೆ. ಬರದೆ ಎಲ್ಲಿ ಹೋಗುತ್ತಾನೆ?

ನೋಡು, ನಾನು ಎಷ್ಟು ಸಿನಿಮಾ ಮುಕ್ಕಾಲು ನೋಡಿದ್ದೇನೆ. ಅವನು ಕೆಟ್ಟವನಲ್ಲ ಅಂತ ಮೊದಲೇ ತೋರಿಸಿಬಿಟ್ಟಿದ್ದಾರೆ ಅಂದರೆ ವಾಪಸ್ ತರುವ ಯೋಚನೆ ಇದೆ ಅಂತಲೇ ಅರ್ಥ. ಕೆಟ್ಟವನಾಗಿದ್ದರೆ ಅವನಿಗೊಂದು ಮೀಸೆ ಇಟ್ಟಿರುತ್ತಿದ್ದರು. ಇನ್ನು ಆ ಹುಡುಗಿ. ಅವಳದ್ದು ನನಗೆ ಬಹಳ ಹಿಡಿಸಿತು. ಅಳುಬುರುಕಿಯಲ್ಲ, ಗಟ್ಟಿಗಿತ್ತಿ. ಅವಳು ಎರಡನೇ ತಟ್ಟೆ ಇಡುವುದನ್ನು ಮಾತ್ರ ಬಿಡಬಾರದು. ಮನೆ ಬದಲಾಯಿಸಲೂಬಾರದು. ಅವನು ಒಂದು ದಿನ ಬಂದು ನಿಂತಾಗ ಬಾಗಿಲಿಗೆ ಬೀಗ ಬಿದ್ದಿದ್ದರೆ? ಅಲ್ಲಿಗೆ ಕತೆಯೇ ಕೆಟ್ಟಿತು. ತಾಳಿದವನು ಬಾಳಿಯಾನು ಅಂತ ಸುಮ್ಮನೆ ಹೇಳಿದ್ದಾರಾ?

ಕೊನೆಯ ಸೀನು ನಾನೇ ಬರೆದುಕೊಡುತ್ತೇನೆ, ಆ ಡೈರೆಕ್ಟರಿಗೆ ಕಳಿಸು. ಹೊರಗೆ ಮಳೆ. ಬಾಗಿಲು ತಟ್ಟಿದ ಸದ್ದು. ಅವಳು ತೆಗೆಯುತ್ತಾಳೆ. ಅವನು ಪೆಟ್ಟಿಗೆ ಇಳಿಸಿ, 'ಊಟ ಆಯ್ತಾ?' ಅನ್ನುತ್ತಾನೆ. ತಟ್ಟೆ ಹೇಗೂ ಇಟ್ಟೇ ಇರುತ್ತದೆ!

ನಾನು ಈ ವಾರ ಯಾವ ಸಿನಿಮಾಕ್ಕೂ ಹೋಗಲಿಲ್ಲ. ಕಂಡಕ್ಟರ್ ಮೊಮ್ಮಗಳ ಮನೆಗೆ ಹೋಗಿದ್ದಾನೆ. ಒಬ್ಬನೇ ಹೋದರೆ ಅಂಗಿ ಹಿಡಿದು ಎಳೆಯುವವರು ಯಾರು? ಮನೆಯಲ್ಲೇ ಕೂತು ಕಿಟಕಿಯಿಂದ ರಸ್ತೆ ನೋಡಿದೆ. ಈಗಿನ ಡ್ರೈವರುಗಳು ತಿರುವಿನಲ್ಲಿ ಕೈ ತೋರಿಸುವುದೇ ಇಲ್ಲ.

ಇಂತಿ,
ನಿನ್ನ ಅಪ್ಪ


ಜೂನ್ ೩೦

ಅಪ್ಪ,

ತಡವಾಯಿತು, ಬೈಯಬೇಡ.

ನಮ್ಮ ಮಾಲೀಕರು ನಿನ್ನ ಊರಿನ ಪಕ್ಕದಲ್ಲೇ ಇನ್ನೊಂದು ಅಂಗಡಿ ತೆರೆಯುತ್ತಿದ್ದಾರೆ. ಗಾಜು ಕೂರಿಸುವ ಕೆಲಸಕ್ಕೆ ನೀನೇ ಹೋಗಮ್ಮ, ನಿನಗೂ ತಂದೆಯ ಹತ್ತಿರ ಇದ್ದ ಹಾಗಾಗುತ್ತೆ ಅಂದರು. ಆಗುವುದಿಲ್ಲ ಅಂದೆ. ಈ ಮನೆ ಬಿಡಲು ಆಗುವುದಿಲ್ಲ ನನಗೆ. ಯಾಕೆ ಅಂತ ಕೇಳಬೇಡ. ಇವರ ಕೆಲಸ ಇಲ್ಲೇ ತಾನೇ?

ಧಾರಾವಾಹಿಯ ಸಮಾಚಾರ ಹೇಳುತ್ತೇನೆ. ಆ ಟೈಲರ್ ಹುಡುಗಿಯ ಮೇಜಿಗೆ ಒಂದು ಆರ್ಡರು ಬಂತು, ಊರಿನ ಆ ತುದಿಯಲ್ಲಿರುವ ಅವರದ್ದೇ ಇನ್ನೊಂದು ಅಂಗಡಿಯಿಂದ. ಚೀಟಿಯ ಮೇಲೆ ಹೆಸರಿಲ್ಲ, ನಂಬರು ಮಾತ್ರ. ಒಂದು ಗಂಡಸಿನ ಶರ್ಟು, ಅದೇ ಚೀಟಿಯಲ್ಲಿ ಒಂದು ಹೆಂಗಸಿನ ಉಡುಪು, ಎರಡೂ ಒಟ್ಟಿಗೇ ಬೇಕು ಅಂತ ಬರೆದಿತ್ತು. ಅವಳು ಅಳತೆ ಓದುತ್ತಾ ಹೋದಳು. ಕುತ್ತಿಗೆ, ಎದೆ, ತೋಳು. ಇವರ ಎಡ ಭುಜ ಬಲಕ್ಕಿಂತ ತಗ್ಗು, ಅದೂ ಅಲ್ಲಿ ಬರೆದಿತ್ತು. ಅಲ್ಲಿಗೆ ಅವಳಿಗೆ ಗೊತ್ತಾಯಿತು.

ಈಗಲಾದರೂ ಚೀರುತ್ತಾಳೆ, ಕತ್ತರಿ ಎಸೆಯುತ್ತಾಳೆ ಅಂತ ಅಂದುಕೊಂಡೆ. ಏನೂ ಮಾಡಲಿಲ್ಲ. ಎರಡನ್ನೂ ಹೊಲಿದಳು, ಅಚ್ಚುಕಟ್ಟಾಗಿ. ದಾರದ ತುದಿ ಕತ್ತರಿಸಿ, ಮಡಚಿ, ಕಾಗದ ಸುತ್ತಿ ಕಳಿಸಿದಳು. ಮನೆಗೆ ಬಂದಳು, ಎರಡು ತಟ್ಟೆ ಇಟ್ಟಳು.

ಇನ್ನೂ ಬರುತ್ತಾನಾ ಅಪ್ಪ? ನೀನು ಬರುತ್ತಾನೆ ಅಂದಿದ್ದೆ.

ನಿನ್ನ,
ಅರ್ಧ ಟಿಕೆಟ್ಟು


ಜುಲೈ ೧೨

ಮಗಳೇ,

ನಿನ್ನ ಕಾಗದ ಬಂತು. ಆ ಧಾರಾವಾಹಿ ಯಾವ ಚಾನೆಲ್ಲಿನಲ್ಲಿ ಬರುತ್ತದೆ, ಎಷ್ಟು ಗಂಟೆಗೆ? ನಾನೂ ನೋಡಬೇಕು. ಟೀಚರಮ್ಮ ನನಗಾಗಿ ಎಲ್ಲ ಚಾನೆಲ್ಲುಗಳನ್ನೂ ತಿರುಗಿಸಿದರು. ಟೈಲರ್ ಹುಡುಗಿ ಎಲ್ಲೂ ಸಿಗಲಿಲ್ಲ. 'ಅಂಥಾದ್ದು ಯಾವುದೂ ಇಲ್ವಲ್ಲ, ಇದ್ದಿದ್ರೆ ನಾನು ಬಿಡ್ತಿದ್ನಾ?' ಅಂತಾರೆ. ಬೇಗ ಬರೆ.

ಅಪ್ಪ


ಜುಲೈ ೨೩

ಅಪ್ಪ,

ಆ ಧಾರಾವಾಹಿಯನ್ನು ನಿಲ್ಲಿಸಿಬಿಟ್ಟರು. ನೋಡುವವರೇ ಇರಲಿಲ್ಲವಂತೆ. ಕೊನೆ ತೋರಿಸಲೇ ಇಲ್ಲ.

ಇವರು ನಿನ್ನನ್ನು ಕೇಳಿದೆ ಅಂತ ಹೇಳಲು ಹೇಳಿದರು.

ಅರ್ಧ ಟಿಕೆಟ್ಟು


ಆಗಸ್ಟ್ ೩

ಮಗಳೇ,

ಈ ಕಾಗದ ಬರೆಯಲು ಕೂತು ಎಷ್ಟೋ ಹಾಳೆ ಹರಿದೆ. ಸ್ಟೀರಿಂಗ್ ಹಿಡಿದ ಕೈಗೆ ಪೆನ್ನು ಹಿಡಿಯುವುದು ಕಷ್ಟ ಅಂತ ನೆಪ ಹೇಳಬಹುದು. ನೆಪ ಬೇಡ.

ನಿನ್ನ ಜೂನ್ ತಿಂಗಳ ಕಾಗದವನ್ನು ಮೊದಲ ಸಲ ಓದಿದಾಗ ಒಂದು ಕಡೆ ಕಣ್ಣು ಎಡವಿತು. ಏನು ಅಂತ ಗೊತ್ತಾಗಲಿಲ್ಲ. ಎರಡನೇ ಸಲ ಓದಿದೆ. 'ಇವರ ಎಡ ಭುಜ' ಅಂತ ಬರೆದಿದ್ದೀಯ. ಅವನ ಅಂತ ಬರೆಯಬೇಕಿತ್ತು. ಧಾರಾವಾಹಿಯ ಗಂಡನನ್ನು ಯಾವ ಹೆಣ್ಣುಮಗಳೂ 'ಇವರು' ಅನ್ನುವುದಿಲ್ಲ ಪುಟ್ಟಿ. ನಿಮ್ಮಮ್ಮ ಜೀವಮಾನವಿಡೀ ನನ್ನನ್ನು 'ಇವರು' ಅಂದವಳು. ನಾನು ಬಸ್ಸಿನಲ್ಲಿ ಹತ್ತು ಊರು ಆಚೆ ಇದ್ದರೂ ಪಕ್ಕದ ಮನೆಯವರ ಹತ್ತಿರ 'ಇವರು ಬರೋ ಹೊತ್ತಾಯ್ತು' ಅನ್ನುತ್ತಿದ್ದಳು, ಕೈ ಚಾಚಿದರೆ ಸಿಗುವವನ ಹಾಗೆ. ಆ ಮಾತಿನ ಬೆಲೆ ನನಗೆ ಗೊತ್ತು. ಆ ತಗ್ಗಿದ ಭುಜವೂ ಗೊತ್ತು.

ಅದನ್ನು ತಿಳಿದ ದಿನ ಮೇ ತಿಂಗಳಲ್ಲಿ ನಾನು ಬರೆದದ್ದೆಲ್ಲ ನೆನಪಾಯಿತು. ತಟ್ಟೆ ಇಡುವುದನ್ನು ಬಿಡಬಾರದು, ಮನೆ ಬಿಡಬಾರದು, ತಾಳಿದವನು ಬಾಳಿಯಾನು. ನೀನು ಜೀವ ಬಾಯಿಗೆ ತಂದುಕೊಂಡು ಕೇಳಿದ್ದಕ್ಕೆ ನಾನು ಕಾಲ ಮೇಲೆ ಕಾಲು ಹಾಕಿಕೊಂಡು ಸಿನಿಮಾ ವಿಮರ್ಶೆ ಮಾಡಿದೆ. ನನ್ನ ಮಾತು ಕೇಳಿಯೇ ಆ ಹೊಸ ಅಂಗಡಿಗೆ ಹೋಗುವುದಿಲ್ಲ ಅಂದೆಯಾ? ಹಾಗಾದರೆ ಆ ಕಾಗದವನ್ನು ಒಲೆಗೆ ಹಾಕು.

ನಿನ್ನೆ ಕಂಡಕ್ಟರನನ್ನು ಕರೆಯದೆ ಒಬ್ಬನೇ ಸಿನಿಮಾಕ್ಕೆ ಹೋದೆ. ಯಾವುದು ಅಂತ ನೋಡಲಿಲ್ಲ, ಟಿಕೆಟ್ಟು ತೆಗೆದುಕೊಂಡು ಕೂತೆ. ಹತ್ತು ನಿಮಿಷ ಇದೆ ಅನ್ನುವಾಗ ಕಾಲು ಎದ್ದವು. ಕುರ್ಚಿಯ ಎರಡೂ ಕೈ ಗಟ್ಟಿಯಾಗಿ ಹಿಡಿದು ಕೂತೆ. ಹೊರಗೆ ಯಾರೋ ನನಗಾಗಿ ಕಾಯುತ್ತಿದ್ದಾರೆ, ನಾನು ಇಲ್ಲಿ ಕೂತು ತಪ್ಪು ಮಾಡುತ್ತಿದ್ದೇನೆ ಅನ್ನಿಸುತ್ತಿತ್ತು. ಆದರೂ ಕೂತೆ. ಕೊನೆ ನೋಡಿದೆ.

ಅವನು ಬರಲಿಲ್ಲ. ಆ ಹೆಂಗಸು ಕಿಟಕಿಯಲ್ಲಿ ನಿಂತೇ ಇದ್ದಳು. ಅಕ್ಷರ ಬಂತು, ದೀಪ ಹತ್ತಿತು. ನಾನು ದಂಗಾಗಿ ಕೂತಿದ್ದೆ. ಅಕ್ಕಪಕ್ಕ ನೋಡಿದರೆ ಜನ 'ಛೆ, ಪಾಪ' ಅಂತ ಮೂಗು ಸೀಟಿಕೊಂಡು, ಕುರ್ಚಿಯ ಕೆಳಗೆ ಚಪ್ಪಲಿ ಹುಡುಕಿ, ಮಗುವನ್ನು ಎತ್ತಿಕೊಂಡು ಹೊರಟೇಬಿಟ್ಟರು. ಕಿಟಕಿಯಲ್ಲಿ ನಿಂತವಳ ಜೊತೆ ಯಾರೂ ಅಲ್ಲೇ ನಿಲ್ಲಲಿಲ್ಲ. ಎಲ್ಲರಿಗೂ ಮನೆಗೆ ಹೋಗುವುದಿತ್ತು.

ಆಗ ನನಗೆ ನನ್ನ ಕೆಲಸ ನೆನಪಾಯಿತು. ನಾನು ಕೊನೆ ನೋಡದೆ ಎದ್ದು ಬರುತ್ತಿದ್ದದ್ದು ಯಾಕೆ ಹೇಳು? ಅವರು ಅತ್ತುಕೊಂಡು ಬರಲಿ, ನಕ್ಕುಕೊಂಡು ಬರಲಿ, ಒಳಗೆ ಯಾರು ಮುಳುಗಿರಲಿ, ಯಾರು ಉಳಿದಿರಲಿ, ಹೊರಗೆ ಬಂದವರಿಗೆ ದೀಪ ಹಾಕಿಕೊಂಡು ಒಂದು ಬಸ್ಸು ನಿಂತಿರಬೇಕು. ಅಷ್ಟೇ ನನಗೆ ಗೊತ್ತಿದ್ದ ಕೆಲಸ. ಕೊನೆ ಬದಲಾಯಿಸುವ ಕೆಲಸ ನನ್ನದಾಗಿರಲಿಲ್ಲ. ಚಿಕ್ಕವಳಿಗೆ ನಿದ್ದೆ ಬರಲಿ ಅಂತ ಅದನ್ನೂ ಮಾಡಿದೆ.

ಅದಕ್ಕೆ ಈಗ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತೇನೆ. ಅವನು ಬರುವುದಿಲ್ಲ ಮಗಳೇ. ನಿನ್ನ ತಪ್ಪಿನಿಂದಲ್ಲ. ನೀನು ಇನ್ನೆಷ್ಟು ತಟ್ಟೆ ತೊಳೆದರೂ ಬರುವುದಿಲ್ಲ. ಒಂದೇ ತಟ್ಟೆ ಇಡು. ಅಳಬೇಕು ಅನಿಸಿದರೆ ಅಳು, ನಾನು ಆ ಟೈಲರ್ ಹುಡುಗಿಯನ್ನು ಗಟ್ಟಿಗಿತ್ತಿ ಅಂದದ್ದನ್ನು ವಾಪಸ್ ತೆಗೆದುಕೊಂಡಿದ್ದೇನೆ. ಮನೆಗೆ ಬೀಗ ಹಾಕಬೇಕು ಅನಿಸಿದರೆ ಹಾಕು.

ಬಾ ಅಂತ ನಾನು ಒತ್ತಾಯ ಮಾಡುವುದಿಲ್ಲ. ಆ ಸಂಸಾರ ಬೇಕೋ ಬೇಡವೋ, ಎಲ್ಲಿ ಇರಬೇಕು, ಎಲ್ಲಿ ಕೆಲಸ ಮಾಡಬೇಕು, ಎಲ್ಲ ನಿನ್ನ ಇಷ್ಟ. ಹೊರಗೆ ಬಸ್ಸು ನಿಂತಿದೆ. ಇಂಜಿನ್ ಆಫ್ ಮಾಡಿಲ್ಲ.

ನಿನ್ನ ಅಪ್ಪ


ಆಗಸ್ಟ್ ೨೦

ಅಪ್ಪ,

ಶರ್ಟಲ್ಲ, ಕನ್ನಡಕ.

ಎರಡು ಬಂದಿದ್ದವು, ಒಂದೇ ಚೀಟಿಯಲ್ಲಿ. ಒಂದು ಗಂಡಸಿನದು, ಒಂದು ಹೆಂಗಸಿನದು. ಅವನ ಕಣ್ಣಿನ ನಂಬರು ನನಗೆ ಬಾಯಿಪಾಠ, ಬಲಗಣ್ಣಿಗಿಂತ ಎಡಗಣ್ಣು ಮಂದ. ಗಾಜು ಉಜ್ಜಿದೆ, ಬೆಳಕಿಗೆ ಹಿಡಿದು ಗೀರು ಇದೆಯಾ ಅಂತ ನೋಡಿದೆ. ಇರಲಿಲ್ಲ. ಅವನಿಗೆ ಅವಳು ಚೆನ್ನಾಗಿ ಕಾಣಿಸುವ ಹಾಗೆ ನಾನೇ ಮಾಡಿಕೊಟ್ಟೆ.

ಅವನು, ಅವನು, ಅವನು. ಬರೆದು ನೋಡುತ್ತಿದ್ದೇನೆ. ಮೊದಮೊದಲು 'ಇವರು' ಅಂತಲೇ ಬರೆದು ಹೊಡೆದುಹಾಕಿದೆ, ಈಗ ಪರವಾಗಿಲ್ಲ.

ನಿನ್ನ ಕಾಗದ ಬಂದ ದಿನ ಅತ್ತುಬಿಟ್ಟೆ. ಅಂಗಡಿಯಲ್ಲೇ, ಚಕ್ರ ತಿರುಗುತ್ತಿರುವಾಗಲೇ. ಕೌಂಟರಿನ ಹುಡುಗಿ ಪರದೆ ಸರಿಸಿದಳು. ಅವಳಿಗೆ ಎಲ್ಲವನ್ನೂ ಹೇಳಿದೆ. ಅವಳು ನೇರವಾಗಿ ಹೋಗಿ ಮಾಲೀಕರನ್ನು ಕೇಳಿಕೊಂಡು ಬಂದಳು. ಹೊಸ ಅಂಗಡಿಯ ಆ ಕೆಲಸಕ್ಕೆ ಇನ್ನೂ ಯಾರೂ ಸಿಕ್ಕಿಲ್ಲವಂತೆ. ಹೋಗುತ್ತೇನೆ ಅಂದೆ. ನಿನ್ನ ಒತ್ತಾಯಕ್ಕಲ್ಲ, ನೀನು ಒತ್ತಾಯ ಮಾಡಲೇ ಇಲ್ಲವಲ್ಲ.

ನೀಲಿ ಶರ್ಟನ್ನು ನಮ್ಮ ಕಟ್ಟಡದ ಕಾವಲುಗಾರನಿಗೆ ಕೊಟ್ಟೆ. ಅವನ ಭುಜ ನೆಟ್ಟಗಿದೆ, ಶರ್ಟು ಒಂದು ಕಡೆ ಎಳೆಯುತ್ತದೆ. 'ಇರ್ಲಿ ಬಿಡಮ್ಮಾ' ಅಂದ. ಮೊಳೆಯನ್ನೂ ಕಿತ್ತೆ. ಗೋಡೆಯಲ್ಲಿ ಒಂದು ತೂತು ಉಳಿದಿದೆ. ಮನೆ ಖಾಲಿ ಮಾಡುವಾಗ ಎರಡನೇ ತಟ್ಟೆಯನ್ನು ಏನು ಮಾಡಲಿ ಅಂತ ಯೋಚಿಸಿದೆ. ತರುತ್ತಿದ್ದೇನೆ. ನಿನ್ನ ಮನೆಯಲ್ಲಿ ಒಂದೇ ತಟ್ಟೆ ಹೊರಗಿರುತ್ತದೆ ಅಂತ ನನಗೆ ಗೊತ್ತಿಲ್ಲವಾ?

ಶನಿವಾರದ ಬಸ್ಸು. ಈ ಸಲ ಪೂರ್ತಿ ಟಿಕೆಟ್ಟು. ಮುಂದಿನ ವಾರ ನಾವಿಬ್ಬರೂ ಸಿನಿಮಾಕ್ಕೆ ಹೋಗೋಣ, ಕಂಡಕ್ಟರ್ ಮಾಮನನ್ನೂ ಕರೆಯೋಣ. ಕೊನೆಯ ಹತ್ತು ನಿಮಿಷ ನಿನ್ನ ಅಂಗಿಯ ಒಂದು ತುದಿ ಅವರು ಹಿಡಿದುಕೊಳ್ಳಲಿ, ಇನ್ನೊಂದು ತುದಿ ನಾನು ಹಿಡಿದುಕೊಳ್ಳುತ್ತೇನೆ.

ನಾನು ಬಾಗಿಲು ತಟ್ಟಿದರೆ ನಿನಗೆ ಕೇಳಿಸುವುದಿಲ್ಲ, ಓರೆ ಮಾಡಿ ಇಟ್ಟಿರು. ಒಳಗೆ ಬಂದು ಪೆಟ್ಟಿಗೆ ಇಳಿಸಿ ನಾನು ಏನು ಕೇಳುತ್ತೇನೆ ಅಂತ ನಿನಗೆ ಗೊತ್ತು. ಕಿವಿಯ ಹತ್ತಿರ ಬಂದು ಜೋರಾಗಿ ಕೇಳುತ್ತೇನೆ.

ಆಯ್ತು ಅನ್ನಬೇಡ.

ನಿನ್ನ ಮಗಳು